ಮುಖ್ಯ ಅತಿಥಿಗಳ ತೊಡೆಯ ಮೇಲೆ ತಮಟೆ

ತಮಟೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂರು ನಿಮಿಷ ಕೂತಿರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ?

ನನಗೂ ಗೊತ್ತಿರಲಿಲ್ಲ. ಹೋದ ತಿಂಗಳ ಕೊನೆಯ ಭಾನುವಾರ, ಹಾಸನದ ಬಿ.ಎಂ. ರಸ್ತೆಯ ಹೋಟೆಲೊಂದರ ಮೇಲಂತಸ್ತಿನ ಪಾರ್ಟಿ ಹಾಲ್‌ನಲ್ಲಿ, ಹಿರಿಯರೊಬ್ಬರು ಹಾಗೆ ಕೂತಿದ್ದನ್ನು ನೋಡಿದೆ. ನನಗೂ ಅವರಿಗೂ ನಡುವೆ ಇದ್ದದ್ದು ಎರಡೇ ಕುರ್ಚಿ. ಅವರು ನಿವೃತ್ತ ಪ್ರಾಂಶುಪಾಲರು, ಅಂದಿನ ಮುಖ್ಯ ಅತಿಥಿಗಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ, ಜರಿ ಅಂಚಿನ ಶಲ್ಯ. ತಮಟೆ ಅವರದಲ್ಲ. ಕೊಡಿ ಅಂತ ಅವರು ಕೇಳಿಯೂ ಇರಲಿಲ್ಲ.

ಅದು ಅವರ ತೊಡೆಗೆ ಬರಲು ಕಾರಣ ನಾನು. ಹಾಗೆಂದು ಯಾರೂ ನನ್ನನ್ನು ದೂರಿಲ್ಲ. ದೂರಿದ್ದರೆ ವಾಸಿಯಿತ್ತು, ಏನೋ ಒಂದು ಸಮಜಾಯಿಷಿ ಕೊಟ್ಟು ಸುಮ್ಮನಾಗುತ್ತಿದ್ದೆ. ಯಾರೂ ಕೇಳದೇ ಇರುವುದರಿಂದ ಇಲ್ಲಿ ಬರೆಯಬೇಕಾಗಿದೆ. ಅವಸರವಿಲ್ಲದೆ, ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಸಿದ್ದರಾಜು ವಿಷಯ.

ಸಿದ್ದರಾಜು ನಮ್ಮ ಹೊಳೆನರಸೀಪುರದಲ್ಲಿ ಕರೆಂಟ್ ಮೀಟರ್ ಓದುವವರು. ತಿಂಗಳ ಮೊದಲ ವಾರ ನಮ್ಮ ಬೀದಿಗೆ ಬರುತ್ತಾರೆ. ಹೆಗಲಿಗೆ ಬಿಲ್ ಮಷೀನು, ಜೇಬಿನಲ್ಲಿ ಟಾರ್ಚು. ಓದಿ, ಬಿಲ್ ಹರಿದು ಕೊಟ್ಟು, ಮುಂದಿನ ಮನೆಗೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ಒಂದು ದಿನ ಬಿಲ್ ಕೈಗಿಟ್ಟ ಮೇಲೂ ಹೋಗದೆ ನಿಂತರು.

"ಸಾ, ನಿಮ್ ಅಂಕಣ ವಾರ ವಾರ ಓದ್ತೀನಿ."

"ಸಂತೋಷ."

"ವಸಿ ಉದ್ದ ಆಯ್ತದೆ ಸಾ."

ಇಂಥ ಓದುಗರು ಸಿಗುವುದು ಅಪರೂಪ. ಕರೆದು ಕೂರಿಸಿದೆ. ಆಗ ತಿಳಿಯಿತು, ಅವರೂ ಪದ್ಯ ಬರೆಯುತ್ತಾರೆ. ಮನೆಯಿಂದ ಮನೆಗೆ ನಡೆಯುವಾಗ ಮನಸ್ಸಿನಲ್ಲಿ ಕಟ್ಟುತ್ತಾರೆ. ಬಿಲ್ ಮಷೀನಿನ ಕಾಗದದ ಸುರುಳಿ ಮುಗಿಯುವಾಗ ತುದಿಯಲ್ಲಿ ಒಂದು ಗೇಣು ಉಳಿಯುತ್ತದಲ್ಲ, ಅದರಲ್ಲಿ ಬರೆದಿಡುತ್ತಾರೆ. (ಹಾಗಾಗಿ ಅವರ ಪದ್ಯಗಳು ಗೇಣುದ್ದಕ್ಕಿಂತ ಬೆಳೆಯುವುದಿಲ್ಲ. ಅಂಕಣಕಾರರಿಗೂ ಅಂಥ ಕಾಗದ ಕೊಡಬೇಕು.)

ಇನ್ನೂ ಒಂದು ತಿಳಿಯಿತು. ನಮ್ಮಿಬ್ಬರದೂ ಒಂದೇ ಊರು. ನುಗ್ಗೇಹಳ್ಳಿಯಿಂದ ಎರಡು ಮೈಲಿ. ನಮ್ಮದು ದೇವಸ್ಥಾನದ ಬೀದಿ, ಅವರದು ಊರಾಚೆಯ ಕೇರಿ. ಅವರ ಅಪ್ಪ ಕಾಳಯ್ಯನನ್ನು ನಾನು ಚಿಕ್ಕಂದಿನಲ್ಲಿ ಎಷ್ಟೋ ಸಲ ಕಂಡಿದ್ದೆ. ಸಿದ್ದರಾಜುವನ್ನು ಕಂಡ ನೆನಪು ನನಗಿರಲಿಲ್ಲ. ಅವರಿಗೆ ನನ್ನ ನೆನಪು ಚೆನ್ನಾಗಿಯೇ ಇತ್ತು. ನಾನು ಯಾವ ಬಣ್ಣದ ಸೈಕಲ್ ತುಳಿಯುತ್ತಿದ್ದೆ ಎಂಬುದನ್ನೂ ಹೇಳಿದರು.

ಇನ್ನು ವಿನುತಾ ಮೇಡಂ.

ಹಾಸನದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾರೆ. ಇನ್ನೂ ಮೂವತ್ತು ದಾಟಿಲ್ಲ. ಒಳ್ಳೆಯವರು, ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ನೆನಪಿಟ್ಟುಕೊಳ್ಳಿ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಒಂದು ಕಾಫಿ ಶಾಪ್‌ನಲ್ಲಿ ಅವರು 'ಸ್ಲ್ಯಾಮ್' ಎಂಬುದನ್ನು ನೋಡಿ ಬಂದರು. ಅಲ್ಲಿ ಹುಡುಗ ಹುಡುಗಿಯರು ಎದ್ದು ನಿಂತು, ಕೈಯಲ್ಲಿ ಹಾಳೆಯಿಲ್ಲದೆ, ಪದ್ಯವನ್ನು ಜಗಳ ಆಡುವ ಹಾಗೆ ಹೇಳುತ್ತಾರಂತೆ. ಕೇಳುವವರೇ ಅಂಕ ಕೊಡುತ್ತಾರಂತೆ. ಅದನ್ನು ಹಾಸನಕ್ಕೂ ತರಬೇಕು ಅಂತ ಮೇಡಂ ನನಗೆ ಫೋನ್ ಮಾಡಿದರು.

"ಸರ್, ನಮ್ಮಲ್ಲಿ ಕವಿಗೋಷ್ಠಿ ಅಂದ್ರೆ ಏನು ಹೇಳಿ? ದೀಪ, ಹಾರ, ಶಾಲು, ಅಧ್ಯಕ್ಷರ ಭಾಷಣ. ಇದರಲ್ಲಿ ಅದ್ಯಾವುದೂ ಇಲ್ಲ. ಬರೀ ಪೊಯೆಟ್, ಮೈಕ್, ಆಡಿಯೆನ್ಸ್."

ನನಗೆ ನಿಜವಾಗಿ ಇಷ್ಟವಾಯಿತು. ನಿಯಮಗಳನ್ನು ಬರೆದುಕೊಂಡೆ. ಕೈಯಲ್ಲಿ ಕಾಗದ ಇರಬಾರದು. ಮೂರು ನಿಮಿಷ ಮೀರಬಾರದು. ವಾದ್ಯ ಬೇಡ, ವೇಷ ಬೇಡ, ಇನ್ನಾವ ಸಾಮಾನೂ ಬೇಡ, ಮಾತು ಮಾತ್ರ. ವಿಷಯ ಯಾವುದಾದರೂ ಸರಿ. ತೀರ್ಪುಗಾರರಾಗಿ ಸಭಿಕರಲ್ಲಿ ಕಣ್ಣಿಗೆ ಬಿದ್ದ ಮೂವರನ್ನು ಅಲ್ಲೇ ಆರಿಸಬೇಕು.

(ಕಣ್ಣಿಗೆ ಬೀಳುವ ಮೂವರ ಪಟ್ಟಿ ಒಂದು ವಾರ ಮೊದಲೇ ತಯಾರಾಗಿತ್ತು. ಹಾಲ್ ಬಾಡಿಗೆ ವಹಿಸಿಕೊಂಡ ಚಿನ್ನದ ಅಂಗಡಿಯವರು, ಒಬ್ಬ ಹಲ್ಲಿನ ಡಾಕ್ಟರು, ನಾನು.)

ವಿಷಯ ಯಾವುದಾದರೂ ಸರಿ ಅಂದಾಗ ನನಗೆ ಸಿದ್ದರಾಜು ನೆನಪಾದರು. ಆ ತಿಂಗಳು ಮೀಟರ್ ಓದಲು ಬಂದಾಗ ಕಾರ್ಯಕ್ರಮದ ಸುದ್ದಿ ಹೇಳಿದೆ. ಅವರು ಟಾರ್ಚ್ ಆರಿಸಿದರು.

"ಯಾವ ಜಯಂತಿ ಸಾ?"

"ಜಯಂತಿ ಅಲ್ಲ ಸಿದ್ದರಾಜು. ಸುಮ್ಮನೆ ಪದ್ಯದ ಕಾರ್ಯಕ್ರಮ."

"ಅಂಗೂ ಉಂಟಾ? ನನ್ನ ಕರೆಯೋದು ಏಪ್ರಿಲ್ ತಿಂಗ್ಳು ಒಂದೇಯ. ಅವತ್ತಿನ್ ಪದ್ಯ ಅವತ್ತು ಓದ್ಲೇಬೇಕು, ಓದ್ತೀನಿ, ಅದು ಬ್ಯಾರೆ ಮಾತು. ಮಿಕ್ಕಿದ್ ಅನ್ನೊಂದ್ ತಿಂಗ್ಳು ನಾನು ಕವಿ ಅಲ್ವಾ ಸಾ?"

"ಇಲ್ಲಿ ಏನು ಬೇಕಾದರೂ ಓದಬಹುದಂತೆ."

ಅವರು ನಮ್ಮ ಗೋಡೆಯ ಮೀಟರಿನ ಕಡೆ ಕೈ ತೋರಿಸಿದರು.

"ಅಳೇ ಮೀಟ್ರಿನಾಗೆ ಒಂದು ಚಕ್ರ ತಿರುಗ್ತಿತ್ತಲ್ಲ, ಅಂಚಿಗೆ ಕೆಂಪು ಗೆರೆ ಇರ್ತಿತ್ತು. ಈಗ ಅದ ಕಿತ್ತಾಕಿ ನಂಬರ್ ಮೀಟ್ರು ಕೂರುಸ್ತಾವ್ರೆ. ಆ ಚಕ್ರದ ಮ್ಯಾಲೆ ಒಂದು ಕಟ್ಟಿವ್ನಿ ಸಾ. ಎಲ್ಲೂ ಓದಿಲ್ಲ. ಎಲ್ಲಿ ಓದನ, ಯಾವ ಜಯಂತೀಲಿ ಓದನ ಅದ?"

"ಹೇಳಿ ನೋಡೋಣ" ಅಂದೆ.

"ಬ್ಯಾಡಿ ಸಾ. ನೀವು ಅಂಕ ಕೊಡೋರು. ಮೊದ್ಲೇ ಕೇಳ್ಬುಟ್ರೆ ತೆಪ್ಪಾಯ್ತದೆ. ಅಲ್ಲೇ ಕೇಳೀರಂತೆ."

ಆ ದಿನ ನಮ್ಮ ಬೀದಿಯ ಉಳಿದ ಮನೆಗಳನ್ನು ಅವರು ಎಂದಿಗಿಂತ ಬೇಗ ಮುಗಿಸಿದರು. ನೋಡುತ್ತ ನಿಂತಿದ್ದೆ, ಅದಕ್ಕೇ ಗೊತ್ತು.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ವಿನುತಾ ಮೇಡಂ ಮತ್ತೆ ಫೋನ್ ಮಾಡಿದರು.

"ಸರ್, ಪ್ರತಿಯೊಬ್ಬ ಪೊಯೆಟ್ ಬಗ್ಗೆ ಎರಡು ಲೈನ್ ಇಂಟ್ರಡಕ್ಷನ್ ಬೇಕು. ನಿಮ್ಮ ಸಿದ್ದರಾಜು ಏನು ಮಾಡ್ತಾರೆ?"

"ಮೀಟರ್ ರೀಡರ್."

"ಪದ್ಯ ಯಾವುದರ ಮೇಲೆ?"

"ಅದೂ ಮೀಟರ್ ಮೇಲೇ."

"ಸ್ವಲ್ಪ ಡ್ರೈ ಆಯ್ತಲ್ಲ ಸರ್. ಬೇರೆ ಏನಾದರೂ ಇದೆಯಾ, ಬ್ಯಾಕ್‌ಗ್ರೌಂಡ್?"

ಪಟ್ಟಿಯಲ್ಲಿ ಹದಿನಾಲ್ಕು ಜನರಿದ್ದರು. ಹನ್ನೆರಡಕ್ಕೆ ಇಳಿಸಬೇಕು ಅಂತ ಅವರು ಮೊದಲೇ ಹೇಳಿದ್ದರು. ನನಗೆ ಗಾಬರಿಯಾಯಿತು. ಸಂತೆಯಲ್ಲಿ ಗಿರಾಕಿ ಮುಂದಕ್ಕೆ ಹೋಗುತ್ತಿದ್ದಾನೆ ಅನ್ನಿಸಿದಾಗ ವ್ಯಾಪಾರಿ ಮುಚ್ಚಿಟ್ಟ ಬುಟ್ಟಿ ತೆಗೆಯುತ್ತಾನಲ್ಲ, ಹಾಗೆ ನಾನು ಕಾಳಯ್ಯನನ್ನು ತೆಗೆದೆ.

ಅವರ ಅಪ್ಪ ನಮ್ಮೂರಿನಲ್ಲಿ ತಮಟೆ ಹಿಡಿದು ಸಾರುತ್ತಿದ್ದರು ಅಂದೆ. ಪಂಚಾಯಿತಿ ಸಭೆ, ಕಂದಾಯದ ಗಡುವು, ಕಳೆದುಹೋದ ಎಮ್ಮೆ, ಏನಿದ್ದರೂ ಕಾಳಯ್ಯನ ಬಾಯಿಂದಲೇ ಊರಿಗೆ ತಿಳಿಯಬೇಕಿತ್ತು ಅಂದೆ. ನಾಲ್ಕು ಪೆಟ್ಟು, ಒಂದು ಮಾತು, ಮತ್ತೆ ನಾಲ್ಕು ಪೆಟ್ಟು. ಫೋನಿನಲ್ಲೇ ಸ್ವಲ್ಪ ಅನುಕರಣೆ ಮಾಡಿ ತೋರಿಸಿದೆ. (ಮನೆಯಾಕೆ ಅಡುಗೆಮನೆಯಿಂದ ಇಣುಕಿ ನೋಡಿ ಹೋದಳು.)

"ವಾವ್ ಸರ್," ಅಂದರು ಮೇಡಂ. "ಅಂದ್ರೆ ನಮ್ಮ ಒರಿಜಿನಲ್ ಸ್ಪೋಕನ್ ವರ್ಡ್ ಅದೇ ಅಲ್ವಾ? ಇವರ ಬ್ಲಡ್‌ನಲ್ಲೇ ಇದೆ."

ನಾನು ಹ್ಞೂಂ ಅಂದೆ.

ಇದು ಅರ್ಧ ಕಥೆ. ಉಳಿದರ್ಧ ನಾನು ಹೇಳಲಿಲ್ಲ. ಅದು ಹೀಗಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಕೇರಿಯವರೆಲ್ಲ ಕೂತು ಮಾತಾಡಿ ಒಂದು ತೀರ್ಮಾನ ಮಾಡಿದರು. ಇನ್ನು ಮೇಲೆ ಯಾರೂ ತಮಟೆ ಮುಟ್ಟುವುದಿಲ್ಲ. ಊರಿನವರ ಹಬ್ಬಕ್ಕೂ ಇಲ್ಲ, ಹೆಣಕ್ಕೂ ಇಲ್ಲ. ಆದರೆ ಈ ತೀರ್ಮಾನ ಊರಿಗೆ ತಿಳಿಯಬೇಕಲ್ಲ? ತಿಳಿಸುವ ದಾರಿ ನಮ್ಮೂರಿನಲ್ಲಿ ಇದ್ದದ್ದು ಒಂದೇ. ಒಂದು ಬೆಳಿಗ್ಗೆ ಕಾಳಯ್ಯ ತಮಟೆ ಹಿಡಿದು ಪ್ರತಿಯೊಂದು ಬೀದಿಯ ತಲೆಗೂ ಬಂದು ನಿಂತು ಸಾರಿದರು.

"ಕೇಳ್ರಪ್ಪೋ ಕೇಳಿ. ನಾಳಿಂದ ಊರ್ನಾಗೆ ತಮಟೆ ಇಲ್ಲ. ಅಬ್ಬಕ್ಕೂ ಇಲ್ಲ, ಸಾವಿಗೂ ಇಲ್ಲ. ನಿಮ್ ಸುದ್ದಿ ನಿಮ್ ಬಾಯಾಗೆ ನೀವೇ ಏಳ್ಕಳಿ. ಇದೇ ಕಡೇ ಸಾರಿಕೆ."

ನಾಲ್ಕು ಪೆಟ್ಟು. ಮುಂದಿನ ಬೀದಿ.

ಜಗಲಿಯ ಮೇಲಿದ್ದ ನಮ್ಮಪ್ಪ ಪಕ್ಕದ ಮನೆಯವರನ್ನು ಕೇಳಿದರು: "ಸರಿ ಕಣಯ್ಯ, ಈ ವಿಷಯ ಊರಿಗೆಲ್ಲ ತಿಳಿಸೋರು ಯಾರು?"

ಮಾರನೆಯ ದಿನ ಕೇರಿಯ ತಮಟೆಗಳೆಲ್ಲ ಬೆಂಕಿಗೆ ಹೋದವು. ಮುಂದಿನ ತಿಂಗಳು ದೇವಸ್ಥಾನಕ್ಕೆ ಮೈಕ್ ಸೆಟ್ ಬಂತು. ಕೆಲವು ವರ್ಷಗಳ ಮೇಲೆ ಕಾಳಯ್ಯನ ಮನೆಯವರು, ಇನ್ನೂ ಹಲವರು, ಬೌದ್ಧರಾದರು. ತಮಟೆಯನ್ನು ಕೈಯಲ್ಲಿ ಹಿಡಿಯದೇ ಬೆಳೆದವರಲ್ಲಿ ಆ ಮನೆತನಕ್ಕೆ ಸಿದ್ದರಾಜುವೇ ಮೊದಲಿಗರು.

ಇದನ್ನು ಯಾಕೆ ಹೇಳಲಿಲ್ಲ? ಮರೆತಿರಲಿಲ್ಲ. ಅರ್ಧ ಹೇಳುವಷ್ಟರಲ್ಲಿ ಅವರು ವಾವ್ ಅಂದರು. ಎದುರಿನವರು ವಾವ್ ಅಂದ ಮೇಲೂ ಮಾತು ಮುಂದುವರಿಸಿ ಅದನ್ನು ಕೆಡಿಸಿಕೊಳ್ಳುವ ಧೈರ್ಯ ನನಗಿಲ್ಲ. ನಿಮಗಿದೆಯೇ?

ಭಾನುವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹಾಸನಕ್ಕೆ ಹೊರಟೆವು. ಸಿದ್ದರಾಜು ಬಿಳಿ ಷರ್ಟು ಹಾಕಿದ್ದರು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಕಿಟಕಿಯ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತಿದ್ದರು. ಒಮ್ಮೊಮ್ಮೆ ಬೆರಳಿನಲ್ಲಿ ತೊಡೆಯ ಮೇಲೆ ಸಾಲು ಎಣಿಸುತ್ತಿದ್ದರು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.

"ಯಾಕಣ್ಣಾ, ಮೈಯಾಗೆ ಉಸಾರಿಲ್ವಾ? ನಿಂಬೆಅಣ್ಣು ಐತೆ, ಮೂಸ್ನೋಡ್ತೀಯಾ?"

"ಇಲ್ಲ ಕಣಕ್ಕ, ಪದ್ಯ."

"ಓ," ಅಂದು ಆಕೆ ನಿಂಬೆಹಣ್ಣನ್ನು ಚೀಲದೊಳಗೆ ಇಟ್ಟುಕೊಂಡಳು, ಇದು ಅದರಿಂದ ವಾಸಿಯಾಗುವುದಲ್ಲ ಅನ್ನುವ ಹಾಗೆ.

"ಮನೇಲಿ ಏನಂದರು?" ಅಂತ ಕೇಳಿದೆ.

"ಮನೆಯವ್ಳಾ? ಅಡ್ಗೆಮನೆ ಸ್ವಿಚ್ಚು ಕೆಟ್ಟು ಮೂರು ತಿಂಗ್ಳಾಯ್ತು, ಅದ್ಕೆ ಒತ್ತಿಲ್ಲ, ಮೀಟ್ರು ಮ್ಯಾಲೆ ಪದ್ಯ ಕಟ್ಕಂಡು ಅಸ್ನಕ್ಕೆ ಒಂಟವ್ರೆ ಅಂದ್ಲು." ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಆದ್ರೂ ಷರ್ಟು ಅವ್ಳೇ ತಂದಿದ್ದು ಸಾ."

ಹಾಲ್ ತುಂಬಿತ್ತು. ನೂರಕ್ಕೆ ಕಡಿಮೆಯಿಲ್ಲ. ಹಿಂದಿನ ದಿನ ಅಲ್ಲಿ ಯಾರದೋ ಮಗುವಿನ ಬರ್ತ್‌ಡೇ ನಡೆದಿತ್ತು; ವೇದಿಕೆಯ ಹಿಂದೆ ಥರ್ಮೊಕೋಲಿನ 'ಹ್ಯಾಪಿ' ಉಳಿದುಕೊಂಡಿತ್ತು, ಮಿಕ್ಕದ್ದು ಕಿತ್ತಿದ್ದರು. ತೀರ್ಪುಗಾರರಿಗೆ ಶಾಲೆಯಿಂದ ತಂದ ಸ್ಲೇಟು, ಒಂದೊಂದು ಸೀಮೆಸುಣ್ಣ. ಅಂಕ ಬರೆದು ತಲೆಯ ಮೇಲೆ ಎತ್ತಿ ಹಿಡಿಯಬೇಕು, ಟೀವಿಯ ಡ್ಯಾನ್ಸ್ ಶೋಗಳಲ್ಲಿ ಮಾಡುವ ಹಾಗೆ.

ದೀಪ ಇಲ್ಲ, ಹಾರ ಇಲ್ಲ ಅಂದಿದ್ದರಲ್ಲ? ದೀಪ ಇತ್ತು, ಹಾರವೂ ಇತ್ತು. ಮೇಡಂ ತಪ್ಪೇನಿಲ್ಲ. ಮುಖ್ಯ ಅತಿಥಿ ಅಂತ ಹಿರಿಯರೊಬ್ಬರಿಲ್ಲದೆ ಕಾಲೇಜು ಒಪ್ಪಲಿಲ್ಲ. ಹಿರಿಯರನ್ನು ಕರೆದ ಮೇಲೆ ಶಾಲು ಬೇಡವೇ? ಶಾಲು ಅಂದ ಮೇಲೆ ಹಣ್ಣಿನ ತಟ್ಟೆ. ತಟ್ಟೆ ಕೊಟ್ಟ ಮೇಲೆ ಅವರು ಎರಡು ಮಾತಾಡದೆ ಇರುತ್ತಾರೆಯೇ? ಮೂರು ನಿಮಿಷದ ನಿಯಮ ಕವಿಗಳಿಗೆ ಮಾತ್ರ. ಮುಖ್ಯ ಅತಿಥಿಗಳು ನಲವತ್ತು ನಿಮಿಷ ಮಾತಾಡಿದರು. ಜಾನಪದವೇ ನಮ್ಮ ತಾಯಿಬೇರು ಅಂದರು. ತಮಟೆಯ ನಾದದಲ್ಲಿ ಸಾಕ್ಷಾತ್ ಸರಸ್ವತಿಯೇ ನೆಲೆಸಿದ್ದಾಳೆ ಅಂದರು. ಚಪ್ಪಾಳೆ ಬಿತ್ತು. ಅವರು ತಮಟೆಯ ಮಾತು ಯಾಕೆ ಎತ್ತಿದರು ಎಂಬುದು ನನಗೆ ಆಗ ಹೊಳೆಯಲಿಲ್ಲ. ಇಂಟ್ರಡಕ್ಷನ್ನಿನ ಹಾಳೆ ಅವರ ಕೈಗೂ ಹೋಗಿತ್ತು.

ಆಮೇಲೆ ಮೇಡಂ ಮೈಕ್ ಹಿಡಿದು ಒಂದು ಸೂಚನೆ ಕೊಟ್ಟರು. ಪದ್ಯ ನಡೆಯುವಾಗ ಚಪ್ಪಾಳೆ ಬೇಡ. ಒಂದು ಸಾಲು ಇಷ್ಟವಾದರೆ ಮೆಲ್ಲಗೆ ಚಿಟಿಕೆ ಹೊಡೆಯಿರಿ. ಎಲ್ಲ ಕಡೆ ಹಾಗೇ ಮಾಡುತ್ತಾರೆ.

ಎಲ್ಲ ಕಡೆ ಮಾಡಬಹುದು. ನಮ್ಮ ಕಡೆ ಚಿಟಿಕೆ ಹೊಡೆಯುವುದು ಆಕಳಿಸುವಾಗ. ನಲವತ್ತು ನಿಮಿಷದ ಭಾಷಣ ಮುಗಿದಿತ್ತು. ಮೊದಲ ಎರಡು ಸಾಲಿನ ಹಿರಿಯರು ಬಾಯಿಯ ಮುಂದೆ ಕೈ ತಂದು ಒಬ್ಬರಾದ ಮೇಲೆ ಒಬ್ಬರು ಚಿಟಿಕೆ ಹೊಡೆದರು. ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ತನ್ನ ಒಂಟಿತನದ ಬಗ್ಗೆ ಹೇಳುತ್ತಿದ್ದಳು. ಇಷ್ಟೊಂದು ಚಿಟಿಕೆ ಕೇಳಿ ಅವಳಿಗೆ ಕಣ್ಣು ತುಂಬಿ ಬಂತು.

ಆಮೇಲೆ ಬಂದವರು ಅರಕಲಗೂಡಿನ ವಿಮಾ ಏಜೆಂಟರು. ಕಾಗದ ಹಿಡಿಯಬಾರದು ಅಂತ ಪದ್ಯವನ್ನು ಅಂಗೈ ಮೇಲೆ ಬರೆದುಕೊಂಡಿದ್ದರು. ಎರಡನೆಯ ಚರಣದ ಹೊತ್ತಿಗೆ ಕೈ ಬೆವರಿತು. ಮೂರನೆಯ ಚರಣದಲ್ಲಿ ಅವರು ಮೊದಲನೆಯದನ್ನೇ ಇನ್ನೊಮ್ಮೆ ಹೇಳಿದರು. ನಾನು ಆರು ಕೊಟ್ಟೆ. ಹಲ್ಲಿನ ಡಾಕ್ಟರು ಏಳು ಕೊಟ್ಟರು.

ಏಳನೆಯ ಹೆಸರು ಸಿದ್ದರಾಜು.

ಮೇಡಂ ಧ್ವನಿ ಏರಿಸಿದರು. "ಫ್ರೆಂಡ್ಸ್, ಸ್ಲ್ಯಾಮ್‌ನಲ್ಲಿ ಇನ್‌ಸ್ಟ್ರುಮೆಂಟ್ ಅಲೋ ಮಾಡಲ್ಲ. ಆದರೆ ರೂಟ್ಸ್‌ಗೋಸ್ಕರ ಇವತ್ತು ಒಂದು ಎಕ್ಸೆಪ್ಷನ್. ಇವರ ತಂದೆ ಹಳ್ಳಿ ಹಳ್ಳಿಗೆ ತಮಟೆ ಹೊಡೆದು ಸುದ್ದಿ ಸಾರುತ್ತಿದ್ದರು. ಆ ಮಣ್ಣಿನ ದನಿ ಈಗ ನಿಮ್ಮ ಮುಂದೆ. ಅವರಿಗೂ ಇದು ಸರ್‌ಪ್ರೈಸ್."

ಸಿದ್ದರಾಜು ಮೈಕಿನ ಮುಂದೆ ಬಂದು ನಿಂತಿದ್ದರು. ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಪಕ್ಕದಿಂದ ಬಂದು ಅವರ ಕೈಗೆ ತಮಟೆ ಇಟ್ಟಳು. ಕಾಲೇಜಿನ ಜಾನಪದ ತಂಡದ ತಮಟೆ. ಚರ್ಮದ್ದಲ್ಲ, ಫೈಬರ್ ಹಾಳೆ ಬಿಗಿದದ್ದು, ಬೆಂಕಿಯಲ್ಲಿ ಕಾ‌ಯಿಸುವ ಗೋಜಿಲ್ಲದ್ದು. ಸುತ್ತ ಹಳದಿ, ಕೆಂಪು ಕುಚ್ಚು ಕಟ್ಟಿದ್ದರು.

ಹಿಂದಿನಿಂದ ಯಾರೋ "ಬಾರ್ಸಣ್ಣೋ" ಅಂದರು. ಚಿಟಿಕೆಯ ನಿಯಮ ಮರೆತು ಜನ ಲಯವಾಗಿ ಚಪ್ಪಾಳೆ ತಟ್ಟತೊಡಗಿದರು. ಮೊಬೈಲ್ ಕ್ಯಾಮೆರಾ ಇದ್ದವರು ಎದ್ದು ನಿಂತರು.

ಸಿದ್ದರಾಜು ನನ್ನ ಕಡೆ ನೋಡಿದರು. ಕೋಪದಿಂದ ನೋಡಿದರು ಎಂದು ಬರೆಯಲಾರೆ. ಕೋಪವಿರಲಿಲ್ಲ. ಬೀದಿಯಲ್ಲಿ ಯಾರೋ ಕೂಗಿದಾಗ ಯಾವ ಮನೆಯಿಂದ ಬಂತು ಅಂತ ತಿರುಗಿ ನೋಡುತ್ತೇವಲ್ಲ, ಅಷ್ಟೇ. ನಾನು ಸ್ಲೇಟು ಒರೆಸಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಅವರು ತಮಟೆಯನ್ನು ಇಡಲು ಜಾಗ ಹುಡುಕಿದರು. ವೇದಿಕೆಯ ಮೇಲೆ ಮೇಜು ಇರಲಿಲ್ಲ. ಕೆಳಗಿಡಲು ಬಗ್ಗಿದರು, ಯಾಕೋ ಇಡಲಿಲ್ಲ. ಇಳಿದು ಬಂದರು. ಮುಂದಿನ ಸಾಲಿನ ನಡುವೆ ಕೂತಿದ್ದ ಮುಖ್ಯ ಅತಿಥಿಗಳ ಎದುರು ನಿಂತು, ಎರಡೂ ಕೈಯಿಂದ ತಮಟೆಯನ್ನು ಮುಂದೆ ಹಿಡಿದರು.

"ಸಾ, ವಸಿ ಇಡ್ಕಳಿ. ಪದ್ಯ ಏಳ್ಬುಟ್ಟು ಬತ್ತೀನಿ."

ಮುಖ್ಯ ಅತಿಥಿಗಳು ಕೈ ಚಾಚಿ ತೆಗೆದುಕೊಂಡರು. ಮೂವತ್ತು ವರ್ಷದಿಂದ ಮುಂದಿನ ಸಾಲಿನಲ್ಲಿ ಕೂತವರು. ಎದುರು ನಿಂತವರು ಎರಡು ಕೈಯಲ್ಲಿ ಏನು ಹಿಡಿದರೂ, ಹಾರವಾಗಲಿ ಹಣ್ಣಾಗಲಿ, ಅವರ ಕೈ ತಾನಾಗಿ ಚಾಚಿಕೊಳ್ಳುತ್ತದೆ. ತೆಗೆದುಕೊಂಡ ಮೇಲೆ ಅದು ಏನೆಂದು ನೋಡಿದರು.

ಸಿದ್ದರಾಜು ವಾಪಸ್ ಹೋಗಿ, ಖಾಲಿ ಕೈಗಳನ್ನು ಪಕ್ಕಕ್ಕೆ ಬಿಟ್ಟುಕೊಂಡು ನಿಂತು, ಶುರು ಮಾಡಿದರು.

ಈಗ ಆ ಮೂರು ನಿಮಿಷ. ಇದನ್ನು ನಾನು ಸರಿಯಾಗಿ ಹೇಳಬಲ್ಲೆ.

ಮೊದಲು ಮುಖ್ಯ ಅತಿಥಿಗಳು ತಮಟೆಯನ್ನು ಕೆಳಗಿಡಲು ನೋಡಿದರು. ಆದರೆ ಒಂದು ಗಂಟೆಯ ಹಿಂದೆಯಷ್ಟೇ ಅದರಲ್ಲಿ ಸರಸ್ವತಿ ನೆಲೆಸಿದ್ದಾಳೆ ಅಂದಿದ್ದರು. ಸರಸ್ವತಿಯನ್ನು ಚಪ್ಪಲಿಗಳ ಪಕ್ಕದಲ್ಲಿ ಇಡುವುದು ಹೇಗೆ? ಬಲಗಡೆ ತಿರುಗಿದರು. ಚಿನ್ನದ ಅಂಗಡಿಯವರು ಆ ಹೊತ್ತಿಗೇ ಮೊಣಕಾಲು ಆಚೆ ತಿರುಗಿಸಿಕೊಂಡಿದ್ದರು. ಅವರಾಚೆ ಹಲ್ಲಿನ ಡಾಕ್ಟರು ಸೀಮೆಸುಣ್ಣದ ತುದಿಯನ್ನು ಪರೀಕ್ಷಿಸುತ್ತಿದ್ದರು. ಅವರಾಚೆ ನಾನು. ನಾನು ಕೈ ಚಾಚಬಹುದಿತ್ತು. ನನ್ನ ಕೈಯಲ್ಲಿ ಸ್ಲೇಟಿತ್ತು.

ಬೇರೆ ದಾರಿಯಿಲ್ಲದೆ ತೊಡೆಯ ಮೇಲೆ ಇಟ್ಟುಕೊಂಡರು. ಇಟ್ಟುಕೊಂಡರೂ ಹಿಡಿದುಕೊಳ್ಳಲಿಲ್ಲ. ಎರಡೂ ಅಂಗೈ ಅದರಿಂದ ಒಂದಂಗುಲ ಮೇಲೆ ಗಾಳಿಯಲ್ಲಿ ನಿಂತವು, ಚಳಿಯಲ್ಲಿ ಕೆಂಡದ ಮೇಲೆ ಕೈ ಕಾಯಿಸಿಕೊಳ್ಳುವವರ ಹಾಗೆ. ಗಂಜಿ ಹಾಕಿದ ಪಂಚೆ ನುಣುಪು. ಫೈಬರ್ ಹಾಳೆಯೂ ನುಣುಪು. ತಮಟೆ ಮೆಲ್ಲಗೆ ಮೊಣಕಾಲಿನ ಕಡೆ ಜಾರತೊಡಗಿತು. ಅವರು ಮೊಣಕಾಲು ಎತ್ತರಿಸಿದರು. ಅದು ಹಿಂದಕ್ಕೆ ಬಂದು ಹೊಟ್ಟೆಗೆ ತಗುಲಿತು. ಮೊಣಕಾಲು ಇಳಿಸಿದರು. ಮತ್ತೆ ಜಾರಿತು. ಹಳದಿ ಕುಚ್ಚು ಐದು, ಕೆಂಪು ಆರು. ಒಂದು ಕುಚ್ಚು ಶಲ್ಯದ ಜರಿಗೆ ಸಿಕ್ಕಿಕೊಂಡಿತ್ತು. ಮೂರನೆಯ ಸಲ ಜಾರಿದಾಗ ಅದು ನೆಲಕ್ಕೇ ಬೀಳುವಂತಾಯಿತು. ಅವರು ಗಾಬರಿಯಿಂದ ಅಂಗೈ ಊರಿದರು.

ಢಂ.

ಹಾಲ್ ಪೂರ್ತಿ ನಕ್ಕಿತು. ಚಿನ್ನದ ಅಂಗಡಿಯವರು ಕರ್ಚೀಫು ಬಾಯಿಗಿಟ್ಟುಕೊಂಡರು. ವೇದಿಕೆಯ ಮೇಲೆ ಸಿದ್ದರಾಜು ಮಾತು ನಿಲ್ಲಿಸಿ, ನಗು ಇಳಿಯುವವರೆಗೆ ಕಾದು, ಬಿಟ್ಟಲ್ಲಿಂದ ಹಿಡಿದು ಮುಗಿಸಿದರು. ನಮಸ್ಕಾರ ಮಾಡಿ ಕೆಳಗಿಳಿದು ಬಂದು, ಮಾತು ಕೊಟ್ಟಿದ್ದಂತೆ ತಮಟೆಯನ್ನು ವಾಪಸ್ ತೆಗೆದುಕೊಂಡು, ಆ ವಿದ್ಯಾರ್ಥಿನಿಯನ್ನು ಹುಡುಕಿ ಅವಳ ಕೈಗೆ ಕೊಟ್ಟರು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸ್ಲೇಟುಗಳು ಮೇಲೆದ್ದವು. ಡಾಕ್ಟರದು ಒಂಬತ್ತು. ಅಂಗಡಿಯವರದು ಹತ್ತು. ನನ್ನದು ಒಂಬತ್ತು.

ವಿನುತಾ ಮೇಡಂ ಓಡಿ ಬಂದರು. "ಸರ್, ಎಂಥ ಡ್ರಾಮಾಟಿಕ್ ಜೆಸ್ಚರ್. ನೀವೇ ಹೇಳಿಕೊಟ್ಟಿದ್ರಾ?"

ಇಲ್ಲ ಅಂದೆ. ಉಳಿದರ್ಧ ಕಥೆ ಹೇಳಲು ಅದು ಸರಿಯಾದ ಸಮಯವಾಗಿತ್ತು. ಅಷ್ಟರಲ್ಲಿ ವಿರಾಮದ ಉಪ್ಪಿಟ್ಟು ಬಂತು.

ಉಪ್ಪಿಟ್ಟಿಗೆ ಮುಂಚೆ ಎಲ್ಲರೂ ಕೈ ತೊಳೆಯುತ್ತಾರೆ. ಮುಖ್ಯ ಅತಿಥಿಗಳೂ ತೊಳೆದರು. ಎರಡು ಸಲ ತೊಳೆದರು. ಅದಕ್ಕೆ ಬೇರೆ ಕಾರಣ ಇರಬಹುದು, ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಅದು ಫೈಬರ್ ಅಂತ ಅವರಿಗೆ ಯಾರಾದರೂ ಹೇಳಬಹುದಿತ್ತು.

ಕೊನೆಯಲ್ಲಿ ಸಿದ್ದರಾಜುಗೆ ಬಹುಮಾನ ಬಂತು. ಒಂದನೆಯದಲ್ಲ, ಎರಡನೆಯದೂ ಅಲ್ಲ. ಅಂಕ ಅವರದೇ ಹೆಚ್ಚಾಗಿತ್ತು, ಆದರೆ ಮೂವರು ಸೇರಿ ಮಾತಾಡಿದಾಗ, ಇವರದನ್ನು ಬೇರೆಯಾಗಿಯೇ ಗೌರವಿಸಬೇಕು ಎಂಬ ಅಭಿಪ್ರಾಯ ಬಂತು. 'ಜಾನಪದ ಸೊಗಡು' ಎಂಬ ವಿಶೇಷ ಬಹುಮಾನವನ್ನು ಅಲ್ಲೇ ಸೃಷ್ಟಿಸಿದರು. ಗೋಡೆ ಗಡಿಯಾರ ಕೊಟ್ಟರು. ಒಂದನೆಯ ಬಹುಮಾನ ಒಂಟಿತನಕ್ಕೆ ಹೋಯಿತು. ನಾನು ಆ ಮಾತುಕತೆಯಲ್ಲಿ ಇದ್ದೆ. ವಿರೋಧಿಸಿದೆ ಎಂದು ಬರೆಯುವ ಆಸೆಯಿದೆ. ಬರೆಯಲಾರೆ.

ಮಂಗಳವಾರ ಪತ್ರಿಕೆಯೊಂದರಲ್ಲಿ ಫೋಟೋ ಬಂತು. ತೊಡೆಯ ಮೇಲೆ ತಮಟೆ, ಅದರ ಮೇಲೆ ಊರಿದ ಅಂಗೈ, ಗಾಬರಿಯ ಮುಖ. ಗಾಬರಿ ಅಚ್ಚಿನಲ್ಲಿ ನಗುವಿನಂತೆ ಕಾಣುತ್ತಿತ್ತು. ಕೆಳಗೆ ಬರೆದಿದ್ದರು: ತಮಟೆ ಬಾರಿಸುವ ಮೂಲಕ ಕಾವ್ಯ ಕಾರ್ಯಕ್ರಮಕ್ಕೆ ಚಾಲನೆ ನೀಡಿದ ಗಣ್ಯರು. ಸಿದ್ದರಾಜು ಆ ಫೋಟೋದಲ್ಲಿ ಇಲ್ಲ.

ಈ ತಿಂಗಳ ಮೊದಲ ವಾರ ಅವರು ಎಂದಿನಂತೆ ಬಂದರು. ನಾನು ಕ್ಷಮೆಯ ಮಾತನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರು ಮೀಟರ್ ಓದುತ್ತಿರುವಾಗಲೇ ಹೇಳಿದೆ.

"ಸಿದ್ದರಾಜು, ತಮಟೆ ವಿಷಯ ಅವರಿಗೆ ಹೇಳಿದ್ದು ನಾನು. ತಪ್ಪಾಯಿತು."

"ಗೊತ್ತು ಸಾ. ಅಲ್ಲಿದ್ದೋರ್ ಪೈಕಿ ನಮ್ಮೂರೋರು ನೀವೊಬ್ರೇಯ." ಮಷೀನಿನ ಗುಂಡಿ ಒತ್ತಿದರು. "ಅದು ಓಗ್ಲಿ ಬುಡಿ. ನಮ್ ಅಪ್ಪ ಇದ್ದಿದ್ರೆ ಬಿದ್ದು ಬಿದ್ದು ನಗ್ತಿತ್ತು. ನಿಮ್ ತಾವ ಬ್ಯಾರೆ ಒಂದು ಕೇಳ್ಬೇಕಿತ್ತು."

"ಏನು?"

"ಪದ್ಯ ಎಂಗಿತ್ತು ಸಾ?"

"ಚೆನ್ನಾಗಿತ್ತು."

"ಅಂಗಲ್ಲ. ಆಪೀಸ್ನೋರು ತಮಟೆ ಕತೆ ಏಳು ಅಂತಾರೆ. ಮೇಡಮ್ಮೋರು ಪೋನ್ ಮಾಡಿ, ಮುಂದಿನ್ ಸಲ ನಿಮ್ಮಪ್ಪೋರ ತಮಟೇನೇ ತನ್ನಿ ಅಂದ್ರು. ಪದ್ಯದ್ ಮಾತು ಒಬ್ರೂ ಎತ್ತಾಕಿಲ್ಲ. ನೀವು ಮುಂದ್ಗಡೆ ಕೂತಿದ್ರಿ, ಒಂಬತ್ತು ಕೊಟ್ಟೋರು. ನಿಮ್ಗೆ ಗೊತ್ತಿರ್ತದೆ. ಎರಡನೇ ಭಾಗ ವಸಿ ಉದ್ದ ಆಯ್ತೇನೋ ಅಂತ ನನ್ಗೊಂದು ಅನುಮಾನ. ನಿಜ ಏಳಿ."

ನಾನು ನೆನಪಿಸಿಕೊಳ್ಳಲು ಪ್ರಯತ್ನಪಟ್ಟೆ. ಒಂದು ಕಡೆಯಿಂದ ಎಲ್ಲವೂ ನೆನಪಿಗೆ ಬಂತು, ನಿಮಗೆ ಈಗಷ್ಟೇ ವಿವರಿಸಿದೆನಲ್ಲ, ಅದೆಲ್ಲ. ಅವರು ಬಾಯಿ ತೆರೆದದ್ದು ನೆನಪಿಗೆ ಬಂತು. ಅವರು ಹೇಳಿದ ಒಂದು ಮಾತೂ ನೆನಪಿಗೆ ಬರಲಿಲ್ಲ.

"ಇಲ್ಲ, ಇಲ್ಲ," ಅಂದೆ. "ಎರಡನೆಯ ಭಾಗ ಸರಿಯಾಗಿಯೇ ಇತ್ತು. ಉದ್ದ ಅನ್ನಿಸಲಿಲ್ಲ."

ಸಿದ್ದರಾಜು ಬಿಲ್ ಹರಿದು ನನ್ನ ಕೈಗೆ ಕೊಟ್ಟರು.

"ಅದರಾಗೆ ಎರಡು ಭಾಗ ಇಲ್ಲ ಸಾ. ಒಂದೇ ಭಾಗ."

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದರು.

ಅವತ್ತು ಆ ಹಾಲ್‌ನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದವರೇ, ನಿಮ್ಮಲ್ಲಿ ಯಾರಿಗಾದರೂ ಆ ಪದ್ಯದ ಒಂದೇ ಒಂದು ಸಾಲು ನೆನಪಿದೆಯೇ?